ಬೇಸಗೆಯಲ್ಲಿ ಮಕ್ಕಳೊಡನೆ ಅಳಿವೆಯ ಮೀನು ಹಿಡಿಯುವ ಕ್ರಮ

ಶಾಲೆಗಳಿಗೆ ರಜೆ ದೊರೆಯುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕರಾವಳಿ ಗ್ರಾಮಗಳಿಗೆ ಘಟ್ಟದ ಮೇಲಿನಿಂದಲೂ ಬಯಲುಸೀಮೆಯಿಂದಲೂ ನೆಂಟರಿಷ್ಟರು ಮಕ್ಕಳನ್ನು ಕರೆದುಕೊಂಡು ಬರುವುದು ವಾಡಿಕೆಯಾಗಿದೆ. ಹೀಗೆ ಬಂದ ಮಕ್ಕಳಿಗೆ ಗಾಳ ಹಾಕಿ ಮೀನು ಹಿಡಿಯುವುದರಲ್ಲಿರುವಷ್ಟು ಉತ್ಸಾಹವು ಬೇರೆ ಕೆಲಸದಲ್ಲಿ ಕಾಣದು. ಆಟದಂತೆ ತೋರುವ ಈ ಕಾರ್ಯದಲ್ಲಿ ವಿದ್ಯೆಯೂ ಉಂಟು, ಪ್ರಾಣಾಪಾಯವೂ ಉಂಟು. ಆದಕಾರಣ ಆರೇಳು ವರ್ಷದ ಮಗುವು ಉಪ್ಪುನೀರಿನ ಬಳಿಗೆ ಹೋಗುವ ಮೊದಲು ಸ್ಥಳ ಯಾವುದು, ವೇಳೆ ಯಾವುದು, ಜೊತೆಗಿರುವವರು ಯಾರು ಎಂಬ ಮೂರು ಸಂಗತಿಗಳನ್ನು ಹಿರಿಯರು ನಿಶ್ಚಯಿಸಿಕೊಳ್ಳತಕ್ಕದ್ದು.

ಹಿಂದೆ ಈ ತಿಳಿವಳಿಕೆಯು ಕರಾವಳಿಯ ಮಕ್ಕಳಿಗೆ ತಾನಾಗಿಯೇ ಬರುತ್ತಿದ್ದಿತು. ದೋಣಿಯಿಂದ ರಂಪಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಹರಡಿ, ಅದರ ಎರಡು ತುದಿಗಳ ಹಗ್ಗಗಳನ್ನು ಜನರು ದಡದಲ್ಲಿಯೇ ನಿಂತು ಎಳೆದು ಬೂತಾಯಿ, ಬಂಗುಡೆಗಳನ್ನು ಹಿಡಿಯುತ್ತಿದ್ದ ಕಾಲದಲ್ಲಿ, ಹಿರಿಯರ ಕಾಲ ಬಳಿಯಲ್ಲಿಯೇ ನಿಂತ ಹುಡುಗರು ನೀರಿನ ಬಣ್ಣ, ಗಾಳಿಯ ದಿಕ್ಕು, ತೆರೆಯ ಸೆಳೆತಗಳನ್ನು ನೋಡಿ ಕಲಿಯುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಹೆಚ್ಚಿದ ಮೇಲೆ ರಂಪಣಿಯು ಬಹುಮಟ್ಟಿಗೆ ಹಿಂದೆ ಬಿದ್ದಿತು. ಕೆಲವೆಡೆ ಚಿಕ್ಕದಾದ ಕೈರಂಪಣಿಯು ಮಾತ್ರ ಉಳಿದಿದೆ. ಮೀನುಗಾರಿಕೆಯು ದಡದಿಂದ ದೂರ ಸರಿದುದರಿಂದ, ನೋಡಿ ಕಲಿಯುತ್ತಿದ್ದುದನ್ನು ಈಗ ಹೇಳಿಯೇ ಕಲಿಸಬೇಕಾಗಿದೆ.

ಸ್ಥಳ

ಚಿಕ್ಕ ಮಕ್ಕಳಿಗೆ ತೆರೆಯೊಡೆಯುವ ತೆರೆದ ಕಡಲತೀರವು ತಕ್ಕುದಲ್ಲ. ದಡಕ್ಕೆ ಬಂದ ನೀರು ಒಂದೇ ಓಣಿಯಲ್ಲಿ ಹಿಂದಕ್ಕೆ ಹರಿಯುವ ಕಡೆ ಸೆಳೆತವು ಬಲವಾಗಿದ್ದು, ಮೇಲೆ ನೀರು ಶಾಂತವಾಗಿರುವಂತೆ ಕಾಣುವುದು. ತಿಳಿಯದವರು ಅದನ್ನೇ ಸುರಕ್ಷಿತ ಜಾಗವೆಂದು ಇಳಿಯುವರು. 2024ನೇ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತರಾದುದನ್ನು ಬಯಲುಸೀಮೆಯ ಗ್ರಾಮಗಳ ಯಜಮಾನರೂ ಮರೆಯತಕ್ಕದ್ದಲ್ಲ.

ನದಿಯು ಕಡಲನ್ನು ಸೇರುವ ಅಳಿವೆಯ ಒಳಭಾಗದಲ್ಲಿ, ಬಾಯಿಯಿಂದ ಸಾಕಷ್ಟು ಮೇಲಕ್ಕೆ, ಇಳಿಜಾರು ಕಡಿಮೆಯಿರುವ ಮರಳಿನ ದಡವೇ ಮಕ್ಕಳಿಗೆ ಯೋಗ್ಯವಾದುದು. ಕುಮಟಾ ತಾಲ್ಲೂಕಿನ ಅಘನಾಶಿನಿ, ಹೊನ್ನಾವರದ ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ ಮೊದಲಾದ ಅಳಿವೆಗಳಲ್ಲಿ ಇಂತಹ ಸ್ಥಳಗಳುಂಟು. ಆದರೆ ಹೊಳೆಯ ನಡುವಿನ ಮರಳುದಿಣ್ಣೆಗೆ ಮಗುವನ್ನು ಕರೆದೊಯ್ಯಕೂಡದು. ನೀರೇರುವಾಗ ದಿಣ್ಣೆಯ ಹಿಂಬದಿಯು ಮೊದಲು ತುಂಬಿ ಹಿಂದಿರುಗುವ ದಾರಿಯು ಮುಚ್ಚುವುದು. ಮರಳನ್ನಾಗಲಿ ಚಿಪ್ಪನ್ನಾಗಲಿ ತೆಗೆದ ಕಡೆ ಕಾಣದ ಗುಂಡಿಗಳಿರುವುದರಿಂದ ಅಲ್ಲಿಗೂ ಹೋಗತಕ್ಕದ್ದಲ್ಲ.

ವೇಳೆ

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳು ಹಿಡಿಯುವುವು. ಆದ್ದರಿಂದ ಈ ದಿನ ಬೆಳಿಗ್ಗೆ 7 ಗಂಟೆಗೆ ನೀರು ತುಂಬಿದರೆ ನಾಳೆ ಸುಮಾರು 7 ಗಂಟೆ 50 ನಿಮಿಷಕ್ಕೆ ತುಂಬುವುದು. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಏರಿಳಿತವು ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿ, ನವಮಿಗಳ ಸುಮಾರಿಗೆ ಎರಡೂ ಕಡಿಮೆ. ಮಕ್ಕಳನ್ನು ಕರೆದೊಯ್ಯುವುದಕ್ಕೆ ಪಂಚಾಂಗದಲ್ಲಿ ಈ ದಿನಗಳನ್ನೇ ಆರಿಸಿಕೊಳ್ಳುವುದು ಉತ್ತಮ.

ಎಲ್ಲಕ್ಕಿಂತ ಮುಖ್ಯವಾದ ನಿಯಮವೇನೆಂದರೆ, ನೀರು ಏರುವಾಗ ಮೀನು ಹಿಡಿಯಬೇಕು, ಇಳಿಯತೊಡಗಿದೊಡನೆ ಮಗುವನ್ನು ದಡದ ಮೇಲಕ್ಕೆ ತರಬೇಕು. ಏರುವ ನೀರು ಒಳನಾಡಿನ ಕಡೆಗೆ ತಳ್ಳುವುದು. ಇಳಿಯುವ ನೀರು ಹೊಳೆಯ ಹರಿವಿನೊಡನೆ ಕೂಡಿ ಕಡಲಿಗೆ ಎಳೆಯುವುದು. ನೀರಿನ ಅಂಚಿನಲ್ಲಿ ಒಂದು ಕೋಲನ್ನು ನೆಟ್ಟು, ನೀರು ಅದನ್ನು ದಾಟಿತೇ, ಬಿಟ್ಟು ಸರಿಯಿತೇ ಎಂದು ಮಗುವಿಗೇ ನೋಡಹೇಳಿದರೆ ಮೊದಲನೆಯ ಪಾಠವು ಅಲ್ಲಿಯೇ ಆಗುವುದು. ಹಗಲು 11ರಿಂದ 4 ಗಂಟೆಯವರೆಗಿನ ಬಿಸಿಲನ್ನು ಬಿಡತಕ್ಕದ್ದು. ತಲೆಗೆ ಅಡಿಕೆಹಾಳೆಯ ಮುಟ್ಟಾಳೆ, ಕುಡಿಯಲು ಎಳನೀರು ಇಲ್ಲವೆ ಮಜ್ಜಿಗೆ ಇರಬೇಕು.

ಸಲಕರಣೆ ಮತ್ತು ಮೀನು

ಮಗುವಿಗೆ ಬಲೆ ಬೇಡ. ನೈಲಾನ್ ದಾರ, ಸಣ್ಣ ಸೀಸದ ಗುಂಡು, ಒಂದು ಚಿಕ್ಕ ಗಾಳ ಇಷ್ಟೇ ಸಾಕು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದರೆ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುವುದು. ಸೀಗಡಿಯ ಚೂರನ್ನು ಎರೆಯಾಗಿ ಕಟ್ಟಿ ಮರಳಿನ ತಳಕ್ಕೆ ಬಿಟ್ಟರೆ ಕಾಣೆ ಮೀನು ದೊರೆಯುವುದುಂಟು. ಬೆದರಿದಾಗ ಮರಳಿನೊಳಕ್ಕೆ ಹುದುಗಿಕೊಳ್ಳುವುದು ಈ ಮೀನಿನ ಸ್ವಭಾವ. ಮರಿಗಳು ಸಿಕ್ಕಿದರೆ ಕೈಯನ್ನು ಒದ್ದೆಮಾಡಿಕೊಂಡು ಹಿಡಿದು ನೀರಿಗೆ ಮರಳಿ ಬಿಡುವುದನ್ನು ಕಲಿಸಬೇಕು. ಬಿಟ್ಟ ಮರಿಯೇ ಮುಂದೆ ಮೊಟ್ಟೆಯಿಡುವ ಮೀನಾಗುವುದೆಂದು ಒಕ್ಕಲುಮಕ್ಕಳಿಗೆ ಬೀಜದ ಕಾಳಿನ ಉಪಮೆಯಿಂದ ತಿಳಿಸಿದರೆ ಬೇಗನೆ ಮನಸ್ಸಿಗೆ ಹತ್ತುವುದು.

ಗಾಳಕ್ಕೆ ಬಿದ್ದ ಮೀನನ್ನು ಹಿರಿಯರೇ ಬಿಡಿಸತಕ್ಕದ್ದು. ಮೀಸೆಯುಳ್ಳ ತೇಡೆ ಮೀನಿನ ಈಜುರೆಕ್ಕೆಯ ಮುಳ್ಳುಗಳೂ ತೊರಕೆಯ ಬಾಲದ ಮುಳ್ಳೂ ವಿಷವುಳ್ಳವು. ಚುಚ್ಚಿದಲ್ಲಿ, ಹಿರಿಯರು ತಮ್ಮ ಕೈಯಿಟ್ಟು ಪರೀಕ್ಷಿಸಿದ, ಸುಡದಷ್ಟು ಬಿಸಿಯಾದ ನೀರಿನಲ್ಲಿ ಆ ಅಂಗವನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಇಟ್ಟರೆ ನೋವು ಇಳಿಯುವುದು. ಆಮೇಲೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮುಟ್ಟಿದರೆ ಹೊಟ್ಟೆಯನ್ನು ಉಬ್ಬಿಸಿಕೊಳ್ಳುವ ಮೀನನ್ನು ಎಂದಿಗೂ ಅಡಿಗೆಗೆ ತರಕೂಡದು. ಅದರ ವಿಷವು ಬೇಯಿಸಿದರೂ ಹೋಗದು.

ಕಾವಲು

ಮಗುವಿನ ಕಾವಲಿಗೆ ನಿಂತವರು ಕೈಚಾಚಿದರೆ ಮಗುವು ಎಟಕುವಷ್ಟು ಸಮೀಪದಲ್ಲಿರಬೇಕು. ತಾವು ಗಾಳ ಹಿಡಿಯಬಾರದು, ಮೊಬೈಲನ್ನೂ ನೋಡಬಾರದು. ಮುಳುಗುವ ಮಗುವು ಕೂಗಿ ಕರೆಯುವುದೆಂಬುದು ತಪ್ಪು ನಂಬಿಕೆ. ಬಹಳ ಸಲ ಸದ್ದಿಲ್ಲದೆ ಮುಳುಗುವುದು. ದೋಣಿಯೇರಿದರೆ ಮಗುವಿನ ಅಳತೆಯ ಲೈಫ್ ಜಾಕೆಟ್ಟನ್ನು ತೊಡಿಸಲೇಬೇಕು. ನೀರಿನಿಂದೆತ್ತಿದ ಮಗುವನ್ನು ತಲೆಕೆಳಗಾಗಿ ತೂಗುವುದು, ಹೊಟ್ಟೆಯನ್ನು ಹಿಸುಕುವುದು ಹಳೆಯ ಪದ್ಧತಿಯಾಗಿದ್ದು ಹಾನಿಕರವಾದುದು. ಉಸಿರಾಟವಿಲ್ಲದಿದ್ದರೆ ತಡಮಾಡದೆ ಬಾಯಿಂದ ಉಸಿರನ್ನು ಊದುತ್ತ, ಎದೆಯನ್ನು ಒತ್ತುತ್ತ, ಇನ್ನೊಬ್ಬರಿಂದ 108ಕ್ಕೆ ಇಲ್ಲವೆ 112ಕ್ಕೆ ಕರೆ ಮಾಡಿಸತಕ್ಕದ್ದು.

ಜಮೀನುದಾರರ ಹೊಣೆ

ಅಘನಾಶಿನಿಯ ದಡದ ಗಜನಿ ಭೂಮಿಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಿನ ನಂತರ ಉಪ್ಪುನೀರನ್ನು ಒಳಬಿಟ್ಟು ಸೀಗಡಿ, ಮೀನುಗಳನ್ನು ಪಡೆಯುವ ಪದ್ಧತಿಯುಂಟು. ಇಳಿತದ ಹೊತ್ತಿಗೆ ಗಜನಿಯ ತೂಬನ್ನು ತೆರೆದಾಗ ಮೀನು ನೋಡಲು ಮಕ್ಕಳು ಮುತ್ತುವರು. ನೀರು ರಭಸದಿಂದ ಹೊರನುಗ್ಗುವ ಈ ಬಾಯಿಯು ಇಡೀ ಅಳಿವೆಗಿಂತಲೂ ಅಪಾಯಕರವಾದ ಜಾಗ. ಗಜನಿಯ ಒಡೆಯರು ಅಲ್ಲಿ ಗಟ್ಟಿಯಾದ ಬೇಲಿಯನ್ನು ಹಾಕಿಸಿ, ತೂಬು ತೆರೆಯುವ ಮುನ್ನ ಮಕ್ಕಳನ್ನು ದೂರ ಕಳುಹಿಸುವ ಆಳನ್ನು ನೇಮಿಸುವುದು ಅವಶ್ಯಕವು.

ಗ್ರಾಮದ ಪ್ರಮುಖರು ರಜೆ ಆರಂಭವಾಗುವ ಮೊದಲೇ ಅನುಭವಶಾಲಿಗಳಾದ ಮೀನುಗಾರರಿಂದ ಮಕ್ಕಳಿಗೆ ತಕ್ಕ ದಡವನ್ನು ಗೊತ್ತುಮಾಡಿಸಿ, ಅಲ್ಲಿ ಉಬ್ಬರ ಇಳಿತಗಳ ವೇಳೆಯನ್ನು ದಿನವೂ ಹಲಗೆಯ ಮೇಲೆ ಬರೆಯಿಸಿ, ಉದ್ದವಾದ ಹಗ್ಗವನ್ನೂ ತೇಲುಬುರುಡೆಯನ್ನೂ ಕೈಗೆಟಕುವಂತೆ ಇಡಿಸಬಹುದು. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಮುಂಗಾರು ಮಳೆಯು ಹಿಡಿದು ಹೊಳೆಯ ನೀರು ಕೆಂಪಾದ ಮೇಲೆ, ಯಂತ್ರದೋಣಿಗಳೇ ನಿಷೇಧಕ್ಕೊಳಪಟ್ಟು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ ನಿಲ್ಲುವ ಕಾಲದಲ್ಲಿ, ಮಕ್ಕಳ ಗಾಳಗಳೂ ಮನೆಯ ಅಟ್ಟವನ್ನೇ ಸೇರತಕ್ಕದ್ದು.