ಜೀವವಿದ್ಯೆಯ ತಂತ್ರಾಂಶಗಳ ಸ್ಥಳಾಂತರ

ಜೀವಿಗಳ ಕಣಗಳಲ್ಲಿರುವ ಡಿಎನ್‌ಎ ಎಂಬ ವಸ್ತುವು ನಾಲ್ಕೇ ಅಕ್ಷರಗಳಿಂದ ಬರೆಯಲ್ಪಟ್ಟ ಗ್ರಂಥದಂತಿರುವುದು. ಮನುಷ್ಯನಲ್ಲಿ ಅದು ಸುಮಾರು 300 ಕೋಟಿ ಅಕ್ಷರಗಳಷ್ಟು ದೀರ್ಘವಾದುದು. ಇಂತಹುದನ್ನು ಕಣ್ಣಿನಿಂದ ಓದಿ ಹೋಲಿಸುವುದು ಅಸಾಧ್ಯವಾದ ಕಾರಣ ಗಣಕಯಂತ್ರದ ನೆರವು ಬೇಕಾಯಿತು. 1965ರಲ್ಲಿ ಅಮೆರಿಕದ ವಿದುಷಿ ಮಾರ್ಗರೆಟ್ ಡೇಹಾಫ್‌ರವರು ಸಹೋದ್ಯೋಗಿಗಳೊಡನೆ ಆಗ ತಿಳಿದಿದ್ದ ಪ್ರೋಟೀನುಗಳ ಅಕ್ಷರಸರಣಿಗಳನ್ನು ಗ್ರಂಥವಾಗಿ ಪ್ರಕಟಿಸಿ, ಈ ವಿದ್ಯೆಗೆ ಅಸ್ತಿಭಾರ ಹಾಕಿದವರಲ್ಲಿ ಒಬ್ಬರಾದರು.

ಇದಕ್ಕೆ ಬೇಕಾದ ತಂತ್ರಾಂಶಗಳನ್ನು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಸಂಶೋಧಕರೇ ಬರೆಯುವರು. ತಮ್ಮ ಪ್ರಯೋಗಶಾಲೆಯ ಯಂತ್ರದಲ್ಲಿ ಅವು ನಡೆದರೆ ಅವರ ಕಾರ್ಯ ಮುಗಿಯಿತು. ಹಾಗಾದರೆ ಅವನ್ನು ಇತರರ ಯಂತ್ರಗಳಿಗೆ ಹೊಂದಿಸುವವರು ಯಾರು? 1993ರಲ್ಲಿ ಆರಂಭವಾದ ಡೆಬಿಯನ್ ಒಂದು ಮುಕ್ತ ಕಾರ್ಯಾಚರಣ ವ್ಯವಸ್ಥೆ; ಅದರ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2002ರಲ್ಲಿ ಜರ್ಮನಿಯ ಆಂಡ್ರಿಯಾಸ್ ಟಿಲ್ಲೆಯವರು ಡೆಬಿಯನ್ ಮೆಡ್ ಎಂಬ ಶಾಖೆಯನ್ನು ಆರಂಭಿಸಿದರು. ವೈದ್ಯ ಮತ್ತು ಜೀವವಿದ್ಯೆಯ ತಂತ್ರಾಂಶಗಳನ್ನು ಈ ವ್ಯವಸ್ಥೆಗೆ ಹೊಂದಿಸುವುದೇ ಅದರ ಸ್ವಯಂಸೇವಕರ ಉದ್ಯೋಗ.

ಈ ಕೆಲಸದ ಕಷ್ಟವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸಿ ಎಂಬ ಗಣಕಭಾಷೆಯಲ್ಲಿ ಒಂದು ಅಕ್ಷರವನ್ನಿಡುವ ಸ್ಥಾನವು ಇಂಟೆಲ್ ಜಾತಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ -128ರಿಂದ 127ರವರೆಗಿನ ಸಂಖ್ಯೆಗಳನ್ನು ಹಿಡಿಯುವುದು. ಲಿನಕ್ಸ್ ನಡೆಸುವ ಆರ್ಮ್ ಜಾತಿಯ ಯಂತ್ರಗಳಲ್ಲಿ 0ಯಿಂದ 255ರವರೆಗೆ. ಕಡತವು ಮುಗಿಯಿತೆಂದು ತಿಳಿಸುವ ಗುರುತು ಸಾಮಾನ್ಯವಾಗಿ -1. ಎರಡನೆಯ ಯಂತ್ರದಲ್ಲಿ ಅದನ್ನು ಆ ಸ್ಥಾನದಲ್ಲಿಟ್ಟರೆ 255 ಆಗುವುದು. ಅಂತ್ಯದ ಗುರುತನ್ನೇ ಕಾಣದ ತಂತ್ರಾಂಶವು ಓದುವುದನ್ನು ನಿಲ್ಲಿಸದು. ಆ ಗುರುತಿಗೆ ಇನ್ನೂ ದೊಡ್ಡ ಸ್ಥಾನವನ್ನು ಕೊಡುವುದೇ ಪರಿಹಾರ. ಆದರೆ ಕಣ್ಣಿಗೆ ಬೀಳುವ ಇಂಥ ದೋಷಕ್ಕಿಂತ, ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ದೋಷವು ಹೆಚ್ಚು ಅಪಾಯಕರ. ಆದಕಾರಣ ಉತ್ತರವು ಮೊದಲೇ ತಿಳಿದಿರುವ ಲೆಕ್ಕಗಳನ್ನು ಹೊಸ ಯಂತ್ರದಲ್ಲಿ ಮಾಡಿಸಿ ಪರೀಕ್ಷಿಸುವರು.

ಇನ್ನೊಂದು ತೊಡಕು ಹಕ್ಕುಪತ್ರದ್ದು. ಸರಣಿಗಳನ್ನು ಸಾಲಾಗಿ ಜೋಡಿಸಿ ಹೋಲಿಸುವ ಕ್ಲಸ್ಟಲ್ ಎಂಬ ತಂತ್ರಾಂಶವು 1988ರಿಂದಲೂ ಪ್ರಸಿದ್ಧವಾಗಿದ್ದರೂ, ಅದರ ನಿಬಂಧನೆಗಳ ದೆಸೆಯಿಂದ ಡೆಬಿಯನ್ನಿನ ಮುಖ್ಯ ಭಂಡಾರದಲ್ಲಿ ಸ್ಥಳ ಪಡೆಯಲಿಲ್ಲ. 2010ರಲ್ಲಿ ಅದರ 2.1ನೆಯ ಆವೃತ್ತಿಯು ಮುಕ್ತ ಹಕ್ಕುಪತ್ರದೊಡನೆ ಹೊರಬಂದ ಮೇಲೆಯೇ ಆ ಬಾಗಿಲು ತೆರೆಯಿತು.

ಇಷ್ಟು ಶ್ರಮದ ಪ್ರಯೋಜನವೇನೆಂದು ಪೋಷಕರು ಕೇಳಬಹುದು. ಹಣವಿಲ್ಲದ ಕಾಲೇಜಿನ ವಿದ್ಯಾರ್ಥಿನಿಯೂ ದೊಡ್ಡ ಸಂಶೋಧನಾಲಯದವರು ಬಳಸುವ ಉಪಕರಣವನ್ನೇ ಶುಲ್ಕವಿಲ್ಲದೆ ಬಳಸಬಹುದು. ಒಬ್ಬರು ಕಂಡುಕೊಂಡದ್ದನ್ನು ಮತ್ತೊಬ್ಬರು ಒರೆಗೆ ಹಚ್ಚಬಹುದು. ಹಾಗೆ ಒರೆಗೆ ನಿಲ್ಲದ ವಿದ್ಯೆಯು ವಿಜ್ಞಾನವೆನಿಸದು.