ಬಾಲಿದ್ವೀಪದ ಯುವಕರೂ ಅವರ ಮನೆಮಾತೂ

ಇಂಡೊನೇಷ್ಯಕ್ಕೆ ಸೇರಿದ ಬಾಲಿದ್ವೀಪದಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕು ಜನರಿದ್ದಾರೆ. ಅಲ್ಲಿನ ಮೂಲನಿವಾಸಿಗಳ ಮನೆಮಾತು ಬಾಲಿ. ಶಾಲೆ ಕಚೇರಿಗಳ ಮಾತು ಇಂಡೊನೇಷ್ಯನ್. ಪ್ರವಾಸಿಗರಿಂದ ಹೊಟ್ಟೆ ಹೊರೆಯುವವರಿಗೆ ಇಂಗ್ಲಿಷೂ ಬೇಕು. ಹೀಗಿರುವಲ್ಲಿ ಹದಿನೆಂಟರ ಹುಡುಗನೊಬ್ಬನು ಬಾಲಿಯನ್ನೇಕೆ ಆಡಬೇಕು? ಪರಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ವಾಚಕರಿಗೆ ಈ ಪ್ರಶ್ನೆ ಹೊಸದೇನಲ್ಲ.

ಅಲ್ಲಿನ ತೊಡಕು ಆಲಸ್ಯವಲ್ಲ, ಭಯ. ಬಾಲಿ ಭಾಷೆಯಲ್ಲಿ ಮರ್ಯಾದೆಗೆ ಮೆಟ್ಟಿಲುಗಳಿವೆ. ಉಣ್ಣುವುದೆಂಬ ಒಂದೇ ಕೆಲಸಕ್ಕೆ, ಗೆಳೆಯರಲ್ಲಿ ‘ಮದಾರ್’, ಹಿರಿಯರ ವಿಷಯದಲ್ಲಿ ‘ಙಾಜೆಂಗ್’, ತನ್ನನ್ನು ತಗ್ಗಿಸಿ ಹೇಳುವಾಗ ‘ನುನಸ್’. ‘ಙಾಮಾಹ್’ ಎಂಬುದು ದನಕರುಗಳಿಗೆ ತಕ್ಕ ಮಾತು. (ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕುಳಿತಿರುವ ಙಕಾರಕ್ಕೆ ಅಲ್ಲಿ ದಿನವೆಲ್ಲ ದುಡಿಮೆ!) ತಪ್ಪು ಮೆಟ್ಟಿಲ ಮೇಲೆ ಕಾಲಿಟ್ಟರೆ ಹಿರಿಯರು ನೊಂದುಕೊಳ್ಳುತ್ತಾರೆ, ಕೆಲವರು ನಗುತ್ತಾರೆ. ಇಂಡೊನೇಷ್ಯನ್ನಿನಲ್ಲಿ ಆ ಕಾಟ ಅಷ್ಟಾಗಿ ಇಲ್ಲ. ಹುಡುಗರು ಅದಕ್ಕೇ ಜಾರುತ್ತಾರೆ. ತಿದ್ದುವುದರ ಬದಲು ನಕ್ಕವರದೂ ಇದರಲ್ಲಿ ಪಾಲುಂಟೆಂದು ನನಗನ್ನಿಸುತ್ತದೆ.

ಆದರೂ ಮಾತು ನಿಂತಿಲ್ಲ. ಮುಖ್ಯ ಕಾರಣ ‘ಬಂಜಾರ್’, ಎಂದರೆ ಓಣಿಯ ಕೂಟ. ಮದುವೆ, ಸಾವು, ದೇವಾಲಯದ ಉತ್ಸವ ಎಲ್ಲಕ್ಕೂ ಅದೇ ಆಸರೆ. ಅವಿವಾಹಿತ ತರುಣ ತರುಣಿಯರಿಗೆ ಅದರಲ್ಲೇ ಬೇರೊಂದು ಸಂಘವುಂಟು. ನಮ್ಮ ಯುಗಾದಿಯ ಆಸುಪಾಸಿನಲ್ಲಿ ಅವರ ಶಕವರ್ಷದ ಮೊದಲ ದಿನ, ‘ಞೆಪಿ’ ಎಂಬ ಮೌನದ ಹಬ್ಬ, ಬರುತ್ತದೆ. ಅದರ ಹಿಂದಿನ ಸಂಜೆ ಮೆರವಣಿಗೆಯಲ್ಲಿ ಹೊರುವ ‘ಓಗೋ-ಓಗೋ’ ಎಂಬ ಭೂತಾಕಾರಗಳನ್ನು ಈ ಹುಡುಗರೇ ವಾರಗಟ್ಟಲೆ ರಾತ್ರಿ ಕೂತು ಕಟ್ಟುತ್ತಾರೆ. ಬಿದಿರು ಸೀಳುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಆಡುವ ಮಾತಿಗೆ ಬಾಲಿಯೇ ಒಗ್ಗುತ್ತದೆ. ಅಲ್ಲಿ ಬಾಲಿ ಬಾರದವನು ನಗೆಯಿಂದಲೇ ಹೊರಗುಳಿಯುತ್ತಾನೆ. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಹಾಡಿನ ಉಪಕಾರವೂ ಸಣ್ಣದಲ್ಲ. ‘ಲೋಲೋಟ್’ ಎಂಬ ತಂಡದವರು ಗಿಟಾರಿನ ಅಬ್ಬರದ ಹಾಡುಗಳನ್ನು ಬಾಲಿಯಲ್ಲೇ ಹಾಡಿದರು. ತಾಯ್ನುಡಿ ಎಂದರೆ ಅಜ್ಜಂದಿರ ಸೊತ್ತು ಎಂಬ ನಾಚಿಕೆ ಅಲ್ಲಿ ಸ್ವಲ್ಪ ಸಡಿಲಿತು.

ಸರಕಾರವೂ ಕೈಹಾಕಿದೆ. ಪ್ರಾಂತ್ಯದ ಗವರ್ನರರು 2018ರಲ್ಲಿ ಹೊರಡಿಸಿದ 80ನೆಯ ನಿಯಮವು ಗುರುವಾರಗಳಂದು ಶಾಲೆ ಕಚೇರಿಗಳಲ್ಲಿ ಬಾಲಿ ಆಡಬೇಕೆಂದೂ ನಾಮಫಲಕಗಳಲ್ಲಿ ಬಾಲಿ ಲಿಪಿ ಇರಬೇಕೆಂದೂ ವಿಧಿಸಿತು. ಉಳಿದ ಆರು ದಿನಗಳ ಭಾರ ಬಂಜಾರಿನ ಮೇಲೆಯೇ! ಆದರೂ ಲಿಪಿಯ ಮಟ್ಟಿಗೆ ಇದರಿಂದ ಒಳಿತಾಗಿದೆ. ನಮ್ಮ ಲಿಪಿಯಂತೆ ಬ್ರಾಹ್ಮಿಯಿಂದಲೇ ಇಳಿದುಬಂದ ಆ ಅಕ್ಷರಗಳು ಬಹುಕಾಲ ತಾಳೆಗರಿ ಓದುವ ಪಂಡಿತರಲ್ಲೇ ಹೆಚ್ಚಾಗಿ ಉಳಿದಿದ್ದವು. 2019ರಿಂದ ಫೆಬ್ರವರಿಯಲ್ಲಿ ನಡೆಯುತ್ತ ಬಂದಿರುವ ಬಾಲಿ ಭಾಷಾ ಮಾಸದ ಸ್ಪರ್ಧೆಗಳಲ್ಲಿ ಹುಡುಗ ಹುಡುಗಿಯರು ಗರಿಯ ಮೇಲೆ ಕಂಠದಿಂದ ಕೊರೆದು ಬರೆದಿದ್ದಾರೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಅದೇ ಅಕ್ಷರಗಳನ್ನು ಒತ್ತಿಯೂ ಇದ್ದಾರೆ.