ರೌಟರ್ ಅಪ್‌ಡೇಟ್ ಆದಮೇಲೆ ವಿಪಿಎನ್ ನಿಧಾನವಾಯಿತೇ? ಫಾರ್ವರ್ಡ್ ನಂಬುವ ಮೊದಲು ಇದನ್ನು ಓದಿ

"ರೌಟರ್ ಅಪ್‌ಡೇಟ್ ಮಾಡಿದ್ರೆ ವಿಪಿಎನ್ ಬ್ಲಾಕ್ ಆಗುತ್ತೆ. ಅಪ್‌ಡೇಟ್ ಆಫ್ ಮಾಡಿ, ಈ ಫ್ರೀ ಆ್ಯಪ್ ಹಾಕ್ಕೊಳ್ಳಿ." ಇಂಥ ಸಲಹೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೆ ವಿಪಿಎನ್ ನಿಂತರೆ ಆ ದಿನದ ಕೆಲಸವೇ ನಿಂತಂತೆ. ಹಾಗಾಗಿ ಗಾಬರಿಯಲ್ಲಿ ಇದನ್ನು ನಂಬಿಬಿಡುವುದು ಸುಲಭ.

ವಿಪಿಎನ್ ನಿಷೇಧವಾಗಿದೆಯೇ?

ಇಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನವು, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಅದು ಬಳಕೆದಾರರ ಮೇಲಿನ ನಿಷೇಧವಲ್ಲ.

ಹಾಗಾದರೆ ನಿಧಾನ ಏಕೆ?

ಸಿಗಂದೂರಿನ ಲಾಂಚ್ ನೆನಪಿಸಿಕೊಳ್ಳಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಶರಾವತಿ ಹಿನ್ನೀರು ದಾಟಲು ವಾಹನಗಳು ಲಾಂಚ್ ಹತ್ತಬೇಕಿತ್ತು. ಜಾಗ ಕಡಿಮೆಯಿದ್ದಾಗ ಬೈಕು ಹೇಗೋ ದಾಟುತ್ತದೆ, ಬಸ್ಸು ದಡದಲ್ಲೇ ಉಳಿಯುತ್ತದೆ.

ಇಂಟರ್‌ನೆಟ್‌ನಲ್ಲಿ ಮಾಹಿತಿ ಹೋಗುವುದೂ ಸಣ್ಣ ಸಣ್ಣ ಪೊಟ್ಟಣಗಳಾಗಿ. ಒಂದು ಪೊಟ್ಟಣದ ಗರಿಷ್ಠ ಗಾತ್ರಕ್ಕೆ ಎಂಟಿಯು ಎನ್ನುತ್ತಾರೆ. ಸಾಮಾನ್ಯವಾಗಿ ಅದು 1500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟ್ ಕಳೆದು 1492 ಉಳಿಯುತ್ತದೆ. ವಿಪಿಎನ್ ಪ್ರತಿ ಪೊಟ್ಟಣಕ್ಕೂ ಇನ್ನೊಂದು ಹೊದಿಕೆ ಸುತ್ತುತ್ತದೆ. ಉದಾಹರಣೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ 1420 ಬೈಟ್‌ಗೆ ಹೊಂದಿಸಿರುತ್ತದೆ. ಹಳೆಯ ಐಪಿವಿ4 ದಾರಿಯಲ್ಲಿ ಹೊದಿಕೆ 60 ಬೈಟ್, ಒಟ್ಟು 1480: ಹಿಡಿಸುತ್ತದೆ. ಅಪ್‌ಡೇಟ್‌ನಿಂದ ಐಪಿವಿ6 ಆನ್ ಆಗಿ ವಿಪಿಎನ್ ಆ ದಾರಿ ಹಿಡಿದರೆ ಹೊದಿಕೆ 80, ಒಟ್ಟು 1500: ಹಿಡಿಸುವುದಿಲ್ಲ.

ಆಗ ಪೊಟ್ಟಣ ಎರಡು ತುಂಡಾಗಿ ಹೋಗಬೇಕು, ಇಲ್ಲವೇ ಬಿದ್ದುಹೋಗುತ್ತದೆ. "ಜಾಗ ಇಲ್ಲ" ಎಂದು ತಿಳಿಸುವ ಸಂದೇಶವನ್ನು ರೌಟರ್‌ನ ಫೈರ್‌ವಾಲ್ ತಡೆದರೆ ಕಳಿಸಿದವರಿಗೆ ವಿಷಯವೇ ಗೊತ್ತಾಗುವುದಿಲ್ಲ. ಲಕ್ಷಣ ಸ್ಪಷ್ಟ: ಚಿಕ್ಕ ಮೆಸೇಜ್ ಹೋಗುತ್ತದೆ, ದೊಡ್ಡ ಫೈಲ್ ಸುತ್ತುತ್ತಲೇ ಇರುತ್ತದೆ.

ಎಂಟಿಯು ಒಂದೇ ಕಾರಣವಲ್ಲ. ಕೆಲವು ಅಪ್‌ಡೇಟ್‌ಗಳು ಹಳೆಯ ಸೆಟ್ಟಿಂಗ್ ಅಳಿಸುತ್ತವೆ. 5 ಗಿಗಾಹರ್ಟ್ಸ್ ವೈಫೈ ಆಫ್ ಆಗಿ ಎಲ್ಲವೂ 2.4ಕ್ಕೆ ಬಂದಿರಬಹುದು. ವಿಪಿಎನ್ ರೌಟರ್‌ನೊಳಗೇ ಓಡುತ್ತಿದ್ದರೆ ಅದರ ಪುಟ್ಟ ಪ್ರೊಸೆಸರ್ ಸುಸ್ತಾಗುತ್ತಿರಬಹುದು.

ಮನೆಯಲ್ಲೇ ಮೂರು ಪರೀಕ್ಷೆ

ಒಂದೇ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ, ರೌಟರ್ ಹತ್ತಿರ ಕೂತು ಸ್ಪೀಡ್ ಟೆಸ್ಟ್ ಮಾಡಿ:

1. ವೈಫೈ, ವಿಪಿಎನ್ ಇಲ್ಲದೆ. ಇದೇ ನಿಧಾನವಿದ್ದರೆ ತೊಂದರೆ ವೈಫೈ ಅಥವಾ ಲೈನ್‌ನಲ್ಲಿ, ವಿಪಿಎನ್‌ನಲ್ಲಲ್ಲ.
2. ಮೊಬೈಲ್ ಡೇಟಾ, ವಿಪಿಎನ್ ಜೊತೆ. ಡೇಟಾ ಚೆನ್ನಾಗಿದ್ದೂ ಇಲ್ಲಿಯೂ ನಿಧಾನವೆಂದರೆ ವಿಪಿಎನ್ ಸರ್ವರ್ ಮೇಲೆ ಅನುಮಾನ ಪಡಿ.
3. ವೈಫೈ, ವಿಪಿಎನ್ ಜೊತೆ. ಮೊದಲೆರಡು ಚೆನ್ನಾಗಿದ್ದು ಇದೊಂದೇ ನಿಧಾನವಿದ್ದರೆ ರೌಟರ್ ಸೆಟ್ಟಿಂಗ್ ನೋಡಿ.

ಏನು ಮಾಡಬೇಕು?

ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಪಿಪಿಪಿಒಇ ಇದ್ದರೆ ಎಂಟಿಯು 1492 ಇದೆಯೇ ನೋಡಿ. ಸ್ವಂತ ವಿಪಿಎನ್ ಆದರೆ ಅದರ ಎಂಟಿಯು 1280ಕ್ಕೆ ಇಳಿಸಿ ಪರೀಕ್ಷಿಸಿ. ವೇಗ ಬಂದರೆ ಕಾರಣ ಸಿಕ್ಕಿತು. ಆಫೀಸಿನ ಲ್ಯಾಪ್‌ಟಾಪ್ ಆದರೆ ಮೂರೂ ಪರೀಕ್ಷೆಯ ಫಲಿತಾಂಶವನ್ನು ಐಟಿ ವಿಭಾಗಕ್ಕೆ ಕಳಿಸಿ. ಸೆಟ್ಟಿಂಗ್ ಬದಲಿಸುವ ಮುನ್ನ ಹಳೆಯದರ ಫೋಟೊ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಕೈಯಲ್ಲಿಲ್ಲದೆ ಫ್ಯಾಕ್ಟರಿ ರೀಸೆಟ್ ಒತ್ತಿದರೆ ಇದ್ದ ನೆಟ್ಟೂ ಹೋಗುತ್ತದೆ.

ಅಪ್‌ಡೇಟ್ ನಿಲ್ಲಿಸಬಹುದೇ?

ಬೇಡ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಕನಿಷ್ಠ 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ಅವುಗಳಲ್ಲಿ ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳೇ ಹೆಚ್ಚು. ಇಂಥ ಕಿಂಡಿ ಮುಚ್ಚುವುದೇ ಅಪ್‌ಡೇಟ್‌ನ ಕೆಲಸ. ಇನ್ನು ಗುರುತಿಲ್ಲದ ಫ್ರೀ ವಿಪಿಎನ್ ಹಾಕಿಕೊಂಡರೆ, ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಎಂಬುದನ್ನೆಲ್ಲ ನೋಡುವ ಅವಕಾಶವನ್ನು ಅದನ್ನು ನಡೆಸುವವರ ಕೈಗೆ ಕೊಟ್ಟಂತೆ.

ಆ ಸಂದೇಶ ಮತ್ತೆ ಬಂದರೆ ಗುಂಪಿಗೆ ಈ ಮೂರು ಪರೀಕ್ಷೆ ಕಳಿಸಿ.